ತುಟಿ ಸೇರದ ಸೀಳು

ಒಳಗೆ ಬನ್ನಿ ಎಂದು ಬಾಲಾಜಿ ಎರಡು ಸಲ ಕರೆದರೂ ಶಿವಗಂಗಾ ಕಟ್ಟೆಯಿಂದ ಮೇಲೇಳಲಿಲ್ಲ. ಗಂಡನ ಮೇಲೆ ಬಿದ್ದ ಮಾತು ತೊಳೆದುಹೋಗುವವರೆಗೆ ಇನ್ನೊಬ್ಬರ ಹೊಸ್ತಿಲು ದಾಟುವುದಿಲ್ಲ ಎಂದು ಹಟ ಹಿಡಿದವಳ ಹಾಗೆ ಸೆರಗು ಬಿಗಿಹಿಡಿದು ಕೂತಿದ್ದಳು. ಕೊನೆಗೆ ಪದ್ಮಾವತಿಯೇ ಕಾಫಿ ಲೋಟ ಹಿಡಿದು ಹೊರಗೆ ಬಂದು ಅವಳ ಪಕ್ಕದಲ್ಲಿ ಕೂತರು.

ಪದ್ಮಾವತಿ ಬಹಳ ವರ್ಷ ಒಂದು ವಿಮಾ ಕಂಪನಿಗೆ ದುಡಿದವರು. ಪೀಣ್ಯದಲ್ಲಿ ಕಾರ್ಖಾನೆ ಸುಟ್ಟರೆ, ವೈಟ್‌ಫೀಲ್ಡಿನಲ್ಲಿ ಲಿಫ್ಟ್ ಕುಸಿದರೆ, ಅದು ತಾನಾಗಿ ಆದದ್ದೋ ಯಾರಾದರೂ ಮಾಡಿದ್ದೋ ಎಂದು ನೋಡಿ ಹೇಳುವುದು ಅವರ ಕೆಲಸವಾಗಿತ್ತು. ಕೆಲಸ ಬಿಟ್ಟು ಕಾಡುಗೋಡಿಯ ಈ ಹಳೇ ಮನೆಯಲ್ಲಿ ನೆಲೆಸಿದ ಮೇಲೆ, ಪೊಲೀಸ್ ಸ್ಟೇಷನ್ನಿಗೆ ಒಯ್ಯಲಾಗದ ಸಂಕಟಗಳೆಲ್ಲ ಅವರ ಕಟ್ಟೆಗೆ ಬರತೊಡಗಿದ್ದವು. ಮಹಡಿಯ ಕೋಣೆಯ ಬಾಡಿಗೆದಾರ ಬಾಲಾಜಿ ಕ್ಯಾಬ್ ಓಡಿಸುತ್ತಿದ್ದವನು. ಒಮ್ಮೆ ಅವರನ್ನು ಕೂರಿಸಿಕೊಂಡು ಹೋಗಿ ಒಂದು ಬೆಂಕಿಯ ಗುಟ್ಟು ಬಯಲಾಗುವುದನ್ನು ಕಣ್ಣಾರೆ ಕಂಡ ಮೇಲೆ ಬೇರೆ ಸವಾರಿಗಳು ಅವನಿಗೆ ರುಚಿಸಲಿಲ್ಲ.

ಶಿವಗಂಗಾ ಹೇಳಿದ್ದು ಇಷ್ಟು. ಅವಳ ಗಂಡ ಮುತ್ತಣ್ಣ ಬಾಗಲಕೋಟೆ ಕಡೆಯವನು. ಕಟ್ಟಡದ ಕೆಲಸಕ್ಕೆ ಬಂದವನು, ಈಗ ವರ್ತೂರಿನ ಪ್ರಸನ್ನನ ಕಂಪನಿಯಲ್ಲಿ ರಾಫ್ಟಿಂಗ್ ಗೈಡ್. ಆಫೀಸಿನವರನ್ನು ದಾಂಡೇಲಿಗೆ ಕರೆದೊಯ್ದು, ನೊರೆ ಕಾರುವ ಹೊಳೆಯಲ್ಲಿ ಬೋಟು ಇಳಿಸಿ, ಜೀವಸಹಿತ ದಡಕ್ಕೆ ತರುವುದು ಅವನ ಕೆಲಸ. ಮೊನ್ನೆ ಗಾಳಿ ತುಂಬಿಸುವ ರಬ್ಬರಿನ ಹೊಸ ಬೋಟಿಗೆ ಪೂಜೆಯಾಯಿತು. ನಿನ್ನೆ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಬೋಟು ಹರಿದು ಬಿದ್ದಿತ್ತು, ಪಕ್ಕದಲ್ಲಿ ಮುತ್ತಣ್ಣನ ಹಗ್ಗ ಕೊಯ್ಯುವ ಚಾಕು. ಪ್ರಸನ್ನ ಅದನ್ನು ಫೋಟೊ ಹೊಡೆದು ಬೇರೆ ಬೇರೆ ಕಂಪನಿಗಳ ಗೈಡುಗಳೆಲ್ಲ ಇರುವ ವಾಟ್ಸ್ಯಾಪ್ ಗುಂಪಿಗೆ ಹಾಕಿಬಿಟ್ಟ. ಇವತ್ತು ಮಧ್ಯಾಹ್ನ ಟ್ರಿಪ್ಪಿನ ಬಸ್ಸು ಹೊರಟ ಕೂಡಲೇ ಸ್ಟೇಷನ್ನಿಗೆ ಹೋಗಿ ದೂರು ಕೊಡುವವನಿದ್ದ.

"ಪೊಲೀಸ್ರು ಹೊಡದ್ರ ನಮ್ಮ ಮನಿಯವ್ರು ತಡ್ಕೊಂತಾರ್ರಿ," ಎಂದಳು ಶಿವಗಂಗಾ. "ಆದ್ರ ನೀರಾಗ ಅವ್ರು ಬಗ್ಗ್ರಿ ಅಂದ್ರ ಮಂದಿ ಬಗ್ಗಬೇಕು, ಹಿಡ್ಕೊಳ್ರಿ ಅಂದ್ರ ಹಿಡ್ಕೊಬೇಕು. ಬೋಟ್ ಹರದಂವ ಅಂತ ಹೆಸರು ಬಿದ್ದ ಮ್ಯಾಲ ಅವ್ರ ಮಾತು ಯಾರ್ ಕೇಳ್ತಾರ್ರಿ?"

ಪದ್ಮಾವತಿ ಲೋಟ ಕೆಳಗಿಟ್ಟು, "ಬಾಲಾಜಿ, ಗಾಡಿ ತೆಗಿಯೋ," ಎಂದರು.

ವರ್ತೂರು ಕೆರೆಯ ವಾಸನೆ ಶೆಡ್ಡಿನ ತನಕವೂ ಬರುತ್ತಿತ್ತು. ಒಂದು ಕಾಲಕ್ಕೆ ಪ್ರಸನ್ನನ ತಂದೆ ನಲ್ಲಪ್ಪ ಸೊಪ್ಪು ಬೆಳೆಯುತ್ತಿದ್ದ ತುಂಡು ನೆಲ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ನಿಂತು ಅದನ್ನು ಬಾವಿಯೊಳಗಿನ ಬೆಳಕಿನ ಚೂರಿನಂತೆ ಮಾಡಿದ್ದವು. ಪ್ರಸನ್ನ ಮೂವತ್ತು ದಾಟಿರದ, ನಿದ್ದೆಗೆಟ್ಟ ಕಣ್ಣಿನ ಹುಡುಗ. ಗೋಡೆಯ ಬಿಳಿ ಹಲಗೆಯ ಮೇಲೆ ಟ್ರಿಪ್ಪಿನ ಯೋಜನೆ ಬರೆದಿತ್ತು: ರಾಫ್ಟಿಂಗ್, ಕಯಾಕಿಂಗ್, ಹಗ್ಗದ ಮೇಲೆ ಕಣಿವೆ ದಾಟುವುದು, ಕ್ಯಾಂಪ್‌ಫೈರ್. ಗೈಡಿನ ಜಾಗದಲ್ಲಿದ್ದ ಮುತ್ತಣ್ಣನ ಹೆಸರನ್ನು ಅಂಗೈಯಿಂದ ಒರೆಸಿ ಇನ್ಯಾರದೋ ಹೆಸರು ಹಾಕಲಾಗಿತ್ತು. ಹೊಳೆಯ ಹತ್ತಿರದವರಿಂದ ಬೇರೆ ಬೋಟು ಬಾಡಿಗೆಗೆ ಸಿಕ್ಕಿದೆ, ಟ್ರಿಪ್ ನಿಲ್ಲುವುದಿಲ್ಲ ಎಂದು ಪ್ರಸನ್ನ ಯಾರೂ ಕೇಳದೆಯೇ ಹೇಳಿದ.

ಪೂಜೆಯ ದಿನವೇ ಮುತ್ತಣ್ಣನಿಗೂ ಅವನಿಗೂ ಜಗಳವಾಗಿತ್ತು. ಹಳೆಯದೂ ಹೊಸದೂ ಸೇರಿ ಎರಡು ಬೋಟಿಗೆ ಒಬ್ಬನೇ ಗೈಡ್ ಸಾಲದು, ಇನ್ನೊಬ್ಬನನ್ನು ತರದಿದ್ದರೆ ಬೋಟು ನೀರಿಗೆ ಇಳಿಯಲು ಬಿಡುವುದಿಲ್ಲ ಎಂದು ಮುತ್ತಣ್ಣ ಎಲ್ಲರೆದುರು ಹೇಳಿದ್ದ. ಶೆಡ್ಡಿಗೆ ಮೂರು ಬೀಗದಕೈ. ಒಂದು ಪ್ರಸನ್ನನ ಹತ್ತಿರ, ಒಂದು ಮುತ್ತಣ್ಣನ ಹತ್ತಿರ, ಮತ್ತೊಂದು ಬುಕಿಂಗ್ ನೋಡಿಕೊಳ್ಳುವ ಪಾಲುದಾರಳು ವೇಣಿಯ ಹತ್ತಿರ. ಬೀಗ ಒಡೆದಿರಲಿಲ್ಲ.

"ಇನ್ನೇನ್ ಪ್ರೂಫ್ ಬೇಕು ಮೇಡಂ?" ಎಂದ ಪ್ರಸನ್ನ. "ಸಣ್ಣ ತೂತಾಗಿದ್ರೆ ನಾನೇ ಪ್ಯಾಚ್ ಹಾಕ್ತಿದ್ದೆ. ಅದನ್ನ ಕಲಿಸ್ದೋನೂ ಅವ್ನೇ. ಇದು ಬೇಕೂಂತ ಸೀಳಿರೋದು."

ನೀಲಿ ಬೋಟು ಸತ್ತ ಎಮ್ಮೆಯಂತೆ ನೆಲಕ್ಕೆ ಅಂಟಿಕೊಂಡಿತ್ತು. ಸೀಳು ಬಿದ್ದದ್ದು ಅದರ ಮೂತಿಯಲ್ಲಿ, ಪೂಜೆಯ ಕುಂಕುಮ ಹಚ್ಚಿದ್ದ ಕಡೆಯಲ್ಲೇ. ಪದ್ಮಾವತಿ ಮಂಡಿಯೂರಿ, ಸೀಳಿನ ಎರಡೂ ತುಟಿಗಳನ್ನು ಕೂಡಿಸಿ ಹಿಡಿ ಎಂದು ಬಾಲಾಜಿಗೆ ಹೇಳಿದರು. ಅವನು ಎಳೆದ, ಜಗ್ಗಿದ. ತುದಿಗಳೆರಡೂ ಸೇರಿದವು, ನಡುವೆ ಮಾತ್ರ ಕಣ್ಣು ಬಿಟ್ಟ ಹಾಗೆ ಅಂಗೈಯಗಲದ ಜಾಗ ಉಳಿದೇ ಉಳಿಯಿತು.

"ಸೇರ್ತಾ ಇಲ್ಲ ಅಕ್ಕ."

"ಸರಿ, ಬಿಡು." ಅವರು ಅಂಚಿನುದ್ದಕ್ಕೂ ಉಗುರು ಆಡಿಸಿದರು. ಒಂದು ಕಡೆ ಉಗುರು ತಡೆಯಿತು. ಅಲ್ಲಿ ರಬ್ಬರು ಸಾಸಿವೆಯಷ್ಟು ಗಂಟುಕಟ್ಟಿ ಗಟ್ಟಿಯಾಗಿತ್ತು.

ನಲ್ಲಪ್ಪ ಹೊರಗೆ ಬೇವಿನ ನೆರಳಲ್ಲಿ ಕೂತಿದ್ದರು. ಮಗ ನೀರಿನ ವ್ಯಾಪಾರಕ್ಕೆ ಇಳಿದದ್ದು ಅವರಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಅದನ್ನು ಮುಚ್ಚಿಡಲೂ ಇಲ್ಲ. "ಇಂಗಾಯ್ತದೆ ಅಂತ ನಂಗ್ ಗೊತ್ತಿತ್ತು," ಎಂದರು. "ಆ ಮುತ್ತಣ್ಣ ಬೋಟ್ ತಾವ ಬೆಂಕಿ ತರಬ್ಯಾಡಿ ಅಂದ. ಮಂಗಳಾರ್ತಿ ಇಲ್ದಿದ್ ಪೂಜೆ ಅದೆಂಥದ್ದು? ಬರೀ ಹೂವ, ಕುಂಕುಮ, ನಿಂಬೆಹಣ್ಣು. ನಾನ್ ತಂದಿದ್ ಕರ್ಪೂರದ್ ಪೊಟ್ಟಣ ಕಿಟಕೀಲೇ ಇಟ್ಟಿದ್ದೆ, ಅದೂ ಮಾಯ."

ಬಾಲಾಜಿಗೆ ಅಷ್ಟೇ ಸಾಕಾಯಿತು. ಮುದುಕಪ್ಪನದೇ ಕೆಲಸ, ಮಗನ ಜೇಬಿನ ಬೀಗದಕೈ ಎತ್ತಿಕೊಂಡಿದ್ದಾನೆ ಎಂದು ಅವನು ಒಳಗೊಳಗೇ ತೀರ್ಪು ಕೊಟ್ಟುಬಿಟ್ಟ.

ಶೆಡ್ಡಿಗೆ ಅಂಟಿಕೊಂಡ ಆಫೀಸು ಕೋಣೆಯಲ್ಲಿ ವೇಣಿ ಒಂದು ಫೋನನ್ನು ಭುಜಕ್ಕೆ ಒತ್ತಿಕೊಂಡು ಇನ್ನೊಂದರಲ್ಲಿ ಟೈಪು ಮಾಡುತ್ತಿದ್ದಳು. ಕುಂದಲಹಳ್ಳಿಯ ದೊಡ್ಡ ಕಂಪನಿಯ ಕೆಲಸ ಬಿಟ್ಟು ಬಂದವಳು. ಭಯವನ್ನು ಮನೆಯಲ್ಲಿಟ್ಟು ಬನ್ನಿ ಎಂದು ಗಿರಾಕಿಗಳಿಗೆ ಹೇಳುವ ಮಾತು ಅವಳದೇ. ಮೇಜಿನ ಮೇಲಿದ್ದ ಸ್ಟೀಲಿನ ಊಟದ ಡಬ್ಬಿಗೆ ಮುಚ್ಚಳದ ಬದಲು ಟ್ರಿಪ್ಪಿನ ಬಣ್ಣದ ಕರಪತ್ರ ಹೊದಿಸಿ, ಹಾರದಂತೆ ಸ್ಟೇಪ್ಲರ್ ಹೇರಿಟ್ಟಿದ್ದಳು. ಅದರಡಿಯಿಂದ ಬಂದ ಚಿತ್ರಾನ್ನದ ಘಮಕ್ಕೆ ಬಾಲಾಜಿಯ ಹೊಟ್ಟೆ ಗುರ್ರೆಂದಿತು.

ಪೂಜೆಯ ಮಾತು ತೆಗೆದರೆ ಅವಳು ನಕ್ಕಳು. "ಕುಂಕುಮ ಹಚ್ಚಿದ್ರೆ ಹೊಳೆ ಮರ್ಯಾದೆ ಕೊಡುತ್ತಾ ಮೇಡಂ? ನಾನು ಆವತ್ತೇ ಅಂಕಲ್‌ಗೆ ಹೇಳ್ದೆ, ಎಲ್ಲರೆದುರಿಗೇ. ಹೆಲ್ಮೆಟ್ ಇದೆ, ಜಾಕೆಟ್ ಇದೆ, ದೇವ್ರಿಗೆ ಯಾಕೆ ಓವರ್‌ಟೈಮ್ ಅಂತ."

"ನೀವೂ ಬೋಟಲ್ಲಿ ಹೋಗ್ತೀರಾ?"

"ಈ ಸಲ ಹೋಗ್ತಿದ್ದೀನಿ. ಫಸ್ಟ್ ಟೈಮ್."

"ಈಜು ಬರುತ್ತಾ?"

ವೇಣಿ ಫೋನಿನ ಕಡೆ ನೋಡಿದಳು. ಅದು ಹೊಡೆದುಕೊಳ್ಳುತ್ತಿರಲಿಲ್ಲ. ಆದರೂ ಎತ್ತಿ ಕಿವಿಗಿಟ್ಟುಕೊಂಡಳು.

ದಾರಿಯಲ್ಲಿ ಬಾಲಾಜಿ ತನ್ನ ತೀರ್ಪನ್ನು ಒಪ್ಪಿಸಿದ. ಪದ್ಮಾವತಿ ಕಿಟಕಿಯಾಚೆ ನೋಡುತ್ತ, ಮುತ್ತಣ್ಣನನ್ನು ಕರೆದುಕೊಂಡು ಬಸ್ಸು ಹೊರಡುವುದರೊಳಗೆ ವಾಪಸು ಬರಬೇಕು ಎಂದಷ್ಟೇ ಹೇಳಿದರು. ಅವರ ಮುಖ ಎಂದಿನಂತೆ ಗೆದ್ದ ಮುಖವಾಗಿರಲಿಲ್ಲ.

ಮಧ್ಯಾಹ್ನ ಶೆಡ್ಡಿನ ಮುಂದೆ ಬಸ್ಸು ನಿಂತಿತ್ತು. ಬಣ್ಣಬಣ್ಣದ ಬ್ಯಾಗು ಹೊತ್ತ ಆಫೀಸಿನ ಹುಡುಗ ಹುಡುಗಿಯರು ಹತ್ತುತ್ತಿದ್ದರು, ಯಾರೋ ಆಗಲೇ ಹಾಡು ಹಾಕಿದ್ದರು. ಒಳಗೆ ಹರಿದ ಬೋಟಿನ ಸುತ್ತ ಪ್ರಸನ್ನ, ನಲ್ಲಪ್ಪ, ವೇಣಿ. ಬಾಗಿಲ ಹತ್ತಿರ ಶಿವಗಂಗಾ, ಅವಳ ಹಿಂದೆ ಮುತ್ತಣ್ಣ. ಎತ್ತರದ, ಮಾತು ಕಡಿಮೆಯ ಆಳು. ತಾನು ಸೀಳಿಲ್ಲ ಎಂದು ಒಮ್ಮೆ ಹೇಳಿದ್ದ, ಎರಡನೇ ಸಲ ಹೇಳಲು ಸಿದ್ಧನಿರಲಿಲ್ಲ.

"ಚಾಕು ಬರೀ ಸೀಳುತ್ತೆ, ಏನನ್ನೂ ತಿನ್ನಲ್ಲ," ಎಂದು ಪದ್ಮಾವತಿ ಶುರುಮಾಡಿದರು. "ಸೀಳಿದ ಬಟ್ಟೆಯ ಎರಡು ತುಟಿ ಕೂಡಿಸಿದ್ರೆ ಕೂಡಬೇಕು. ಇಲ್ಲಿ ಕೂಡಲಿಲ್ಲ. ನಡುವಿನ ತುಂಡು ಇಲ್ಲ. ಬೋಟ್ ಕೆಡಿಸೋಕೆ ಬಂದವರು ತುಂಡನ್ನ ಮನೆಗೆ ಒಯ್ಯಲ್ಲ. ಆ ತುಂಡಲ್ಲಿ ಏನೋ ಇತ್ತು, ಅದನ್ನ ಮರೆಮಾಡೋಕೆ ಈ ಸೀಳು."

ಏನಿತ್ತು ಎಂಬುದನ್ನು ಅಂಚಿನಲ್ಲಿ ಉಳಿದ ಗಂಟು ಹೇಳಿತ್ತು. ಕಾರ್ಖಾನೆಗಳ ಬೆಂಕಿ ನೋಡಿದವರಿಗೆ ಕರಗಿ ಹೆಪ್ಪುಗಟ್ಟಿದ ರಬ್ಬರಿನ ಗುರುತು ಸಿಗದೆ ಇರುವುದಿಲ್ಲ. ಬೋಟು ಮೊದಲು ಸುಟ್ಟಿತ್ತು, ಸುಟ್ಟದ್ದನ್ನು ಕೊಯ್ದು ತೆಗೆದ ಮೇಲೆ ಸೀಳಾಗಿ ಬೆಳೆಸಲಾಗಿತ್ತು. ಸುಟ್ಟದ್ದು ಸರಿಯಾಗಿ ಕುಂಕುಮವಿದ್ದ ಜಾಗದಲ್ಲಿ. ಕಿಟಕಿಯಲ್ಲಿದ್ದ ಕರ್ಪೂರ ಕಾಣೆಯಾಗಿತ್ತು. ಅಂದರೆ ಎಲ್ಲರೂ ಹೋದ ಮೇಲೆ ಯಾರೋ ಒಬ್ಬರು ಬಂದು, ಆ ಪೂಜೆಯಲ್ಲಿ ಬಿಟ್ಟುಹೋಗಿದ್ದ ಮಂಗಳಾರತಿಯನ್ನು ಗುಟ್ಟಾಗಿ ಮಾಡಿದ್ದರು.

ಎಲ್ಲರ ಕಣ್ಣೂ ನಲ್ಲಪ್ಪನವರ ಕಡೆ ತಿರುಗಿತು. ಬಾಲಾಜಿ ಎದೆಯುಬ್ಬಿಸಿದ.

"ಯಜಮಾನರಲ್ಲ," ಎಂದರು ಪದ್ಮಾವತಿ. "ಜೀವಮಾನವೆಲ್ಲ ಮಂಗಳಾರತಿ ಎತ್ತಿದವರು ತಟ್ಟೆ ಕೈಯಲ್ಲಿ ಹಿಡ್ಕೋತಾರೆ, ಕೆಳಗಿಡಲ್ಲ. ಬೋಟಿನ ಮೇಲೆ ಉರಿಯೋ ತಟ್ಟೆ ಇಟ್ಟು ಎರಡೂ ಕೈ ಮುಗಿದವರು ಇದನ್ನೆಲ್ಲ ಬೇರೆಯವರು ಮಾಡೋದು ನೋಡಿದ್ದಾರೆ, ತಾವು ಮಾಡಿಲ್ಲ. ಮುತ್ತಣ್ಣನೂ ಅಲ್ಲ, ಪ್ರಸನ್ನನೂ ಅಲ್ಲ. ಇಬ್ಬರಿಗೂ ಪ್ಯಾಚ್ ಹಾಕೋದು ಗೊತ್ತು. ಅಂಗೈಯಗಲದ ತೂತನ್ನ ಬೆಳಗಾಗೋದ್ರೊಳಗೆ ಮುಚ್ಚಿಬಿಡೋರು. ಒಂದು ತೂತು ಬಿದ್ರೆ ಬೋಟೇ ಸತ್ತುಹೋಯ್ತು ಅಂತ ಹೆದರೋದು ಬೋಟ್ ರಿಪೇರಿ ಯಾವತ್ತೂ ನೋಡದವರು." ಅವರು ದನಿ ತಗ್ಗಿಸಿದರು. "ವೇಣಿ, ನಿಮ್ಮ ಊಟದ ಡಬ್ಬಿ ಮುಚ್ಚಳ ಎಲ್ಲಮ್ಮ?"

ವೇಣಿ ನಗಲು ನೋಡಿದಳು, ಆಗಲಿಲ್ಲ.

ಆಮೇಲೆ ಅವಳು ಹೇಳಿದ್ದೆಲ್ಲ ತುಂಡುತುಂಡಾಗಿ ಬಂತು. ಚಿಕ್ಕವಳಿದ್ದಾಗ ಒಮ್ಮೆ ನೀರಲ್ಲಿ ಮುಳುಗಿದ್ದವಳು. ಅಂದಿನಿಂದ ಈಜುಕೊಳದ ಹತ್ತಿರವೂ ಸುಳಿದಿರಲಿಲ್ಲ. ಊರಿಗೆಲ್ಲ ಧೈರ್ಯ ಮಾರಿದ ಮೇಲೆ ತಾನು ಹೋಗದಿರಲು ಆಗಲಿಲ್ಲ. ತಾನೇ ನಗಾಡಿದ್ದ ದೇವರಿಗೆ ಕೈ ಮುಗಿಯುವುದನ್ನು ಯಾರಿಗೂ ತೋರಿಸಲೂ ಆಗಲಿಲ್ಲ. ಮುಚ್ಚಳದಲ್ಲಿ ಪೊಟ್ಟಣವನ್ನೆಲ್ಲ ಸುರಿದು ಹಚ್ಚಿದ್ದಳು. ಕಣ್ಣು ಮುಚ್ಚಿದ್ದಾಗ ಬೋಟು ನಿಟ್ಟುಸಿರು ಬಿಡುವ ಹಾಗೆ ಸದ್ದು ಕೇಳಿತು.

"ಗೋಡೇಲಿ ಚಾಕು ಇತ್ತು, ಅದ್ರಲ್ಲೇ ಕೊಯ್ದೆ. ಯಾರೋ ಹೊರಗಿನವ್ರು ಅಂದ್ಕೋತಾರೆ ಅಂದ್ಕೊಂಡೆ. ಮುತ್ತಣ್ಣನ ಹೆಸರು ನಾನು ಹೇಳ್ಲಿಲ್ಲ."

"ಬ್ಯಾರೇವ್ರು ಹೇಳಿದಾಗ ಸುಮ್ನ ಇದ್ರೆಲ್ರಿ," ಎಂದಳು ಶಿವಗಂಗಾ.

ಪ್ರಸನ್ನ ನೆಲ ನೋಡುತ್ತಿದ್ದ. ಪ್ರಕರಣ ಮುಗಿಯಿತು ಎಂದುಕೊಂಡು ಬಾಲಾಜಿ ಗಾಡಿಯ ಕೀ ತೆಗೆದ. ಪದ್ಮಾವತಿ ಮಾತ್ರ ಕದಲಲಿಲ್ಲ.

"ಇನ್ನೊಂದು ನನಗೆ ಗೊತ್ತಾಗಿಲ್ಲ. ಬೆಳಗಿನಿಂದ ಅದೇ ಕೊರೀತಿದೆ. ಕಾದ ಮುಚ್ಚಳನ ಏನ್ಮಾಡಿದ್ರಿ?"

"ದುಪಟ್ಟಾದಲ್ಲಿ ಹಿಡ್ದು ಕೆಳಗೆ ಎಸ್ದೆ. ತಣ್ಣಗಾದ್ಮೇಲೆ ಎತ್ಕೊಂಡೆ."

"ಕೆಳಗೆ ಅಂದ್ರೆ ನೆಲದ ಮೇಲಾ?"

ವೇಣಿ ಬೋಟಿನ ಮೂತಿಯ ಪಕ್ಕದ ಖಾಲಿ ಜಾಗದ ಕಡೆ ನೋಡಿದಳು. "ಆವತ್ತು ಇಲ್ಲಿ ಲೈಫ್ ಜಾಕೆಟ್ ರಾಶಿ ಇತ್ತು. ಅದ್ರ ಮೇಲೆ."

ಮುತ್ತಣ್ಣ ಆಗಲೇ ಬಸ್ಸಿನತ್ತ ಓಡಿದ್ದ. ಬಾಲಾಜಿ ಹಿಂದೆಯೇ ಹತ್ತಿದ. ಹಿಂದಿನ ಸೀಟಿನಲ್ಲಿ ಹೇರಿದ್ದ ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನು ಮುತ್ತಣ್ಣ ಒಂದೊಂದಾಗಿ ಎತ್ತಿ, ಪಟ್ಟಿ ಹಿಡಿದು ಜಗ್ಗಿ ಆಚೆಗೆಸೆದ. ಎಲ್ಲವೂ ಗಟ್ಟಿಯಾಗಿದ್ದವು. ಅವನು ತಲೆಯೆತ್ತಿ ಬಸ್ಸಿನುದ್ದಕ್ಕೂ ನೋಡಿದ. ನಡುವಿನ ಸೀಟಿನಲ್ಲಿ ಒಬ್ಬಳು ಹುಡುಗಿ ಜಾಕೆಟ್ ತೊಟ್ಟು ಗೆಳತಿಯೊಂದಿಗೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದಳು. ಮುತ್ತಣ್ಣ, ತಂಗಿ ಒಂದ್ ಚೂರು ಎದ್ದ್ ನಿಂದ್ರು ಎಂದು ಕೇಳಿಕೊಂಡು, ಅವಳ ಪಕ್ಕೆಯ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಕಾವಿಗೆ ಗಡುಸಾಗಿದ್ದ ಅದು ಹಪ್ಪಳದ ಹಾಗೆ ಪಟಕ್ಕನೆ ಮುರಿದು ಅವನ ಕೈಗೆ ಬಂತು.

ಹಾಡು ನಿಂತಿತು. ಹುಡುಗಿ ಮುರಿದ ಪಟ್ಟಿಯನ್ನೂ ಅವನ ಮುಖವನ್ನೂ ನೋಡಿದಳು.

ಪ್ರಸನ್ನ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಸಾರಿ ಗುರು, ತಪ್ಪಾಯ್ತು ಎಂದು ಮೆಲ್ಲಗೆ ಗೊಣಗಿದ. ಮುತ್ತಣ್ಣ ಒಪ್ಪದೆ ತಲೆಯಾಡಿಸಿದ. "ನನ್ನ ಮ್ಯಾಲಿನ ಮಾತು ಗುಂಪಿನಾಗ ಹಾಕಿದ್ರಿ. ತಪ್ಪಾಯ್ತು ಅನ್ನೂದು ಕಿವ್ಯಾಗ ಹೇಳ್ತೀರೇನು?"

ಆಗ ಮೆಟ್ಟಿಲ ಮೇಲಿದ್ದ ಪ್ರಸನ್ನನನ್ನು ಸರಿಸಿಕೊಂಡು ವೇಣಿ ಮೇಲೆ ಬಂದಳು. ಗಿರಾಕಿಗಳ ಎದುರು, ಸೀಟಿನ ಕಂಬಿ ಹಿಡಿದು, ಬೋಟು ಸುಟ್ಟದ್ದು ತಾನು, ಕೊಯ್ದದ್ದು ತಾನು, ಮುತ್ತಣ್ಣನ ತಪ್ಪು ಏನೂ ಇಲ್ಲ ಎಂದು ಹೇಳಿದಳು. ದನಿ ಎರಡು ಸಲ ಒಡೆಯಿತು. ಎರಡೂ ಸಲ ಮೊದಲಿನಿಂದ ಹೇಳಿದಳು. ಕೆಳಗಿಳಿದು ನಿಂತ ಪ್ರಸನ್ನ ಫೋನು ತೆಗೆದು ಗೈಡುಗಳ ಗುಂಪಿಗೆ ಏನೋ ಬರೆಯತೊಡಗಿದ್ದ.

ಹಿಂದಿನಿಂದ ಒಬ್ಬ ಕೇಳಿದ, "ಹಾಗಾದ್ರೆ ಈಗ ಗೈಡ್ ಯಾರು?"

ಎಲ್ಲರ ಮುಖ ಮುತ್ತಣ್ಣನ ಕಡೆ ತಿರುಗಿತು. ಅವನು ಚೆಲ್ಲಾಡಿದ್ದ ಜಾಕೆಟ್ಟುಗಳನ್ನು ನೋಡಿದ.

"ಗೈಡ್ ನಾನ," ಎಂದ. "ಇವತ್ತ ಹೋಗಂಗಿಲ್ಲ. ಎಲ್ಲಾ ಸಾಮಾನು ಬಿಚ್ಚಿ ನೋಡಬೇಕು. ಬೋಟಿಗೊಬ್ಬ ಗೈಡ್ ಬೇಕು. ಇಳೀರಿ."

ಪ್ರಸನ್ನ ಬಾಯಿ ತೆರೆದ. ಆದರೆ ಪಟ್ಟಿ ಮುರಿದ ಜಾಕೆಟ್ಟಿನ ಹುಡುಗಿ ಅಷ್ಟರಲ್ಲೇ ಬ್ಯಾಗು ಹೆಗಲಿಗೇರಿಸಿದ್ದಳು. ಅವಳ ಹಿಂದೆ ಗೆಳತಿ, ಅವಳ ಹಿಂದೆ ಇನ್ನಿಬ್ಬರು. ಬಸ್ಸು ಸಾಲುಸಾಲಾಗಿ ಖಾಲಿಯಾಯಿತು.