ಗೇಟಿನತ್ತ ಮುಖ ಮಾಡಿದ ಚಪ್ಪಲಿ

ಮೊದಲ ದಿನವೇ ನನಗೆ ಯೂಜಿನ್ ಮೇಲೆ ಸಿಟ್ಟು ಬಂತು. ಕಾರಣ ಹೇಳಿದರೆ ನೀವು ನಗುತ್ತೀರಿ. ಕಾರಣ ನನ್ನ ಚಪ್ಪಲಿ.

ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿ ಮೊರಿತಾ ಅವರ ವಿಲ್ಲಾ. ಮಧ್ಯಾಹ್ನ ಮೂರಕ್ಕೆ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಎಲ್ಲರೂ ಬಿಡುವ ಹಾಗೆಯೇ, ತುದಿ ಮನೆಯ ಕಡೆಗೆ. ಆರಕ್ಕೆ ಹೊರಗೆ ಬಂದರೆ ಎರಡೂ ಗೇಟಿನತ್ತ ಮುಖ ಮಾಡಿ ಕೂತಿದ್ದವು. ಪಕ್ಕದಲ್ಲಿ ಯೂಜಿನ್ ಇನ್ನೂ ಮೊಣಕಾಲೂರಿಕೊಂಡೇ ಇದ್ದ.

"ಹೊರಡುದಾ?" ಎಂದ, ನಗುತ್ತ.

ಮೈಸೂರಿನಲ್ಲಿ ಬಂದವರ ಚಪ್ಪಲಿಯನ್ನು ಬೀದಿಗೆ ತಿರುಗಿಸಿಟ್ಟು, ಮೇಲಿಂದ ಹೊರಡುತ್ತೀರಾ ಎಂದು ಕೇಳಿದರೆ ಅವರು ಈ ಜನ್ಮದಲ್ಲಿ ಆ ಹೊಸಿಲು ತುಳಿಯುವುದಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ನೇರ ಗೇಟು ದಾಟಿದೆ.

ಅದು ಎರಡು ಸಾವಿರದ ಏಳರ ಮಾರ್ಚ್. ಗ್ಯಾಸ್ ಪ್ಲಾಂಟ್ ಕಟ್ಟುವ ಜಪಾನೀ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿ ನನ್ನ ಕೆಲಸ, ಬಿನ್ ಒಮ್ರಾನ್‌ನಲ್ಲಿ ನನ್ನ ಒಂದು ಕೋಣೆಯ ಫ್ಲಾಟ್. ಮೊರಿತಾ ಸಾನ್, ಅಂದರೆ ಮೊರಿತಾ ಅವರು, ನಮ್ಮ ಮ್ಯಾನೇಜರ್ ಹೆಂಡತಿ. ಶಾಲೆಗೆ ರಜೆ ಬಿಟ್ಟಾಗ ತಮ್ಮ ಮನೆಯಲ್ಲಿ ಜಪಾನೀ ಮಕ್ಕಳಿಗೆ ಐದು ದಿನದ ಕ್ಯಾಂಪ್ ಇಡುತ್ತಿದ್ದರು. ಬೈಬಲ್ ಕಥೆ, ಹಾಡು, ಕೈಕೆಲಸ. ಈ ಸಲ ಮಕ್ಕಳಿಗೆ ರಂಗೋಲಿ ಕಲಿಸಬೇಕೆಂದು ನನ್ನನ್ನು ಕೇಳಿದರು. ಬಾಸ್ ಹೆಂಡತಿ ಕೇಳಿದರೆ ಇಲ್ಲವೆನ್ನುವುದುಂಟೆ.

"ಪಾದ್ರಿಗಳ ಮಧ್ಯೆ ನಿನಗೇನು ಕೆಲಸ? ಹುಷಾರು," ಎಂದರು ಫೋನಿನಲ್ಲಿ ನನ್ನಮ್ಮ ವಿಜಯಮ್ಮ.

ಆದರೆ ಅಲ್ಲಿ ಪಾದ್ರಿ ಯಾರೂ ಇರಲಿಲ್ಲ. ಇದ್ದವನು ಯೂಜಿನ್, ಮಂಗಳೂರಿನವನು. ನಾಲ್ಕು ವರ್ಷ ಕೋಬೆಯಲ್ಲಿದ್ದು ಜಪಾನೀ ಭಾಷೆ ಕಲಿತು, ಪ್ಲಾಂಟಿನ ಕುಟುಂಬಗಳ ಹಿಂದೆಯೇ ದೋಹಾಕ್ಕೆ ಬಂದಿದ್ದ. ವೀಸಾದಲ್ಲಿ ದುಭಾಷಿ, ಮನಸ್ಸಿನಲ್ಲಿ ಮಿಷನರಿ. ಆ ದೇಶದಲ್ಲಿ ಮತಪ್ರಚಾರಕ್ಕೆ ನಿಷೇಧ, ಹಾಗಾಗಿ ಕ್ಯಾಂಪಿಗೆ ತಂದೆತಾಯಿ ಸಹಿ ಹಾಕಿದ ಮಕ್ಕಳು ಮಾತ್ರ, ಎಲ್ಲವೂ ಮನೆಯ ಒಳಗೆ ಮಾತ್ರ. ಹಾಡುವಾಗ ಅವನೇ ಎದ್ದು ಕಿಟಕಿ ಮುಚ್ಚುತ್ತಿದ್ದ, ಒಂದು ಸಾಲೂ ಕಾಂಪೌಂಡ್ ದಾಟದಂತೆ.

ಸೋಮವಾರ ಮತ್ತೆ ಚಪ್ಪಲಿ ಗೇಟಿನತ್ತ. ಮಂಗಳವಾರ ನಾನೂ ಹಟ ಹಿಡಿದೆ. ಚಪ್ಪಲಿಯನ್ನು ಹೂವಿನ ಕುಂಡದ ಹಿಂದೆ, ಗೋಡೆಗೆ ಮುಖ ಮಾಡಿ ಬಚ್ಚಿಟ್ಟೆ. ಅಂದು ಮರಳಿನ ಗಾಳಿ ಬೀಸಿ ಎಲ್ಲದರ ಮೇಲೂ ಧೂಳು ಕೂತಿತ್ತು. ಸಂಜೆ ನೋಡಿದರೆ ನನ್ನ ಚಪ್ಪಲಿ ಮೆಟ್ಟಿಲ ಮೇಲೆ, ಧೂಳು ಒರೆಸಿಕೊಂಡು, ಗೇಟಿನತ್ತ ಮುಖ ಮಾಡಿ ಸಿದ್ಧವಾಗಿತ್ತು. ಆಚೆ ದಬ್ಬುವುದರಲ್ಲೂ ಎಷ್ಟು ಅಚ್ಚುಕಟ್ಟು ಎಂದುಕೊಂಡೆ.

ಇಷ್ಟೇ ಆಗಿದ್ದರೆ ಮರೆಯುತ್ತಿದ್ದೆನೇನೋ. ಪ್ರಾರ್ಥನೆಯ ಹೊತ್ತಾದ ಕೂಡಲೇ ಅವನು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಗಗನಾ, ನೀವು ಬೇಕಾದ್ರೆ ಅಂಗಳದಲ್ಲಿ ಚಾಕ್ ರೆಡಿ ಮಾಡಿ," ಎನ್ನುತ್ತಿದ್ದ. ಪ್ರತಿ ದಿನವೂ. ನಾನು ಇದ್ದರೆ ಅವರ ದೇವರಿಗೆ ಏನು ತೊಂದರೆ?

ಹಾಗೆಂದು ಅವನು ನನ್ನನ್ನು ನೋಡದೆಯೂ ಇರಲಿಲ್ಲ. ಮಂಗಳವಾರವೇ, ಬೈಬಲಿನ ಯೋನನನ್ನು ಮೀನು ನುಂಗುವ ಕಥೆ ಹೇಳುತ್ತ, ಬಟ್ಟೆಯ ಬೋರ್ಡಿಗೆ ಮೀನಿನ ಚಿತ್ರ ಅಂಟಿಸುವಾಗ ನಾನು ಒಳಗೆ ಬಂದೆ. ಮೀನು ತಲೆಕೆಳಗಾಯಿತು. ಮಕ್ಕಳು ಕಿಸಕ್ಕೆಂದವು. ಅವನು ಕನ್ನಡಕ ಸರಿ ಮಾಡಿಕೊಂಡು ನನ್ನತ್ತ ನೋಡಿದ, ತಕ್ಷಣ ಮೀನಿನತ್ತ ನೋಡಿದ, ಮತ್ತೆ ನನ್ನತ್ತ. ಕಿವಿಯ ತುದಿ ಕೆಂಪಾಗಿತ್ತು.

"ಮೀನಿಗೆ ಪಾಪ ತಲೆ ತಿರುಗಿತು," ಎಂದೆ.

"ಮೀನಿಗೆ ಮಾತ್ರ ಅಲ್ಲ ಮಾರಾಯ್ರೆ," ಎಂದ, ಬೋರ್ಡಿನ ಕಡೆಗೇ ತಿರುಗಿ.

ಅಂದು ರಾತ್ರಿ ನನಗೆ ಫ್ಲಾಟಿನಲ್ಲಿ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಒಂದೇ ಕುರ್ತಾವನ್ನು ಎರಡು ಸಲ ಇಸ್ತ್ರಿ ಮಾಡಿದೆ. ಬಾ ಎನ್ನುವ ಕಣ್ಣು ನಿಜವೋ, ಹೋಗು ಎನ್ನುವ ಚಪ್ಪಲಿ ನಿಜವೋ? ಸಿಟ್ಟು ಬಂದಷ್ಟೂ ಮೂರು ಗಂಟೆ ಯಾವಾಗ ಆದೀತು ಎಂದು ಕಾಯುತ್ತಿದ್ದೆ. ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಬುಧವಾರ ಅಂಗಳದಲ್ಲಿ ನಾನು ಚುಕ್ಕಿ ಇಡುತ್ತಿದ್ದಾಗ ಅವನು ಬಂದು ನಿಂತ.

"ಹೊಕ್ಕೈಡೊದಲ್ಲಿ ಒಂದು ಸಣ್ಣ ಚರ್ಚ್ ಉಂಟು. ಕ್ಯಾಂಪ್ ನಡೆಸ್ಲಿಕ್ಕೆ ಅಲ್ಲಿಗೆ ಬಾ ಅಂತಿದ್ದಾರೆ. ಮೂರು ವರ್ಷಕ್ಕೆ. ನಾಳೆ ಆರು ಗಂಟೆಗೆ ಮಂಗಳೂರಿಂದ ಮಿಷನ್‌ನವರು ಫೋನ್ ಮಾಡ್ತಾರೆ. ಹೌದು ಅಥವಾ ಇಲ್ಲ ಹೇಳ್ಬೇಕು."

ನನ್ನ ಕೈಯ ಚಾಕ್ ಮುರಿಯಿತು.

"ಇಲ್ಲಿಯ ಮಕ್ಕಳು?"

"ಮೊರಿತಾ ಸಾನ್ ನೋಡಿಕೊಳ್ತಾರೆ. ಎರಡು ವರ್ಷ ಆಯ್ತು, ಒಂದು ಕುಟುಂಬವೂ ನಮ್ಮ ಆರಾಧನೆಗೆ ಬರ್ಲಿಲ್ಲ. ಮಕ್ಕಳು ಬರುದು ನಾನು ಮಾಡುವ ಕೋಳಿ ಸಾರಿಗೆ." ನಕ್ಕ, ಆದರೆ ಆ ನಗು ಮುಖದಲ್ಲಿ ಉಳಿಯಲಿಲ್ಲ. "ನೀವೆಂಥ ಹೇಳ್ತೀರಿ? ಹೋಗ್ಲಾ?"

"ನನ್ನನ್ನೇನು ಕೇಳ್ತೀರಿ? ಬೇರೆಯವರನ್ನ ಕಳಿಸೋದರಲ್ಲಿ ನೀವು ಎಕ್ಸ್‌ಪರ್ಟು. ಈಗ ನೀವೇ ಹೋಗೋದು ಕಲೀರಿ."

ಅವನಿಗೆ ಅರ್ಥವಾಗಲಿಲ್ಲ. "ಆಯ್ತು," ಎಂದು ಒಳಗೆ ಹೋದ. ನಾನು ಹದಿನೈದು ಚುಕ್ಕಿಯ ಸಾಲಿನಲ್ಲಿ ಹದಿನೇಳು ಇಟ್ಟಿದ್ದೆ.

ಗುರುವಾರ ಹೋಗಬಾರದೆಂದುಕೊಂಡು, ಎಂದಿಗಿಂತ ಅರ್ಧ ಗಂಟೆ ಮೊದಲೇ ಹೋದೆ. ಮಕ್ಕಳು ಆಗಷ್ಟೇ ಬರುತ್ತಿದ್ದರು. ಏಳು ವರ್ಷದ ಯೂಕಿ ಎಂಬ ಹುಡುಗಿ ಒಳಗೆ ಕಾಲಿಟ್ಟವಳು ಹಿಂದಿರುಗಿ ಬಗ್ಗಿ, ತನ್ನ ಪುಟ್ಟ ಶೂಗಳನ್ನು ಎತ್ತಿ ಗೇಟಿನತ್ತ ತಿರುಗಿಸಿಟ್ಟಳು. ಅವಳ ಹಿಂದೆ ಬಂದವನೂ ಹಾಗೆಯೇ ಮಾಡಿದ. ನೋಡುತ್ತೇನೆ, ಹದಿನಾಲ್ಕು ಜೊತೆ ಶೂ, ಎಲ್ಲವೂ ಗೇಟಿನತ್ತ. ನಾಲ್ಕು ದಿನವೂ ಹೀಗೆಯೇ ಇದ್ದಿರಬೇಕು. ಸಿಟ್ಟು ಬಂದವರ ಕಣ್ಣಿಗೆ ತಮ್ಮ ಚಪ್ಪಲಿ ಮಾತ್ರ ಕಾಣುತ್ತದೆ.

"ಯಾಕೆ ಹೀಗೆ?" ಎಂದು ಮೊರಿತಾ ಸಾನ್‌ರನ್ನು ಕೇಳಿದೆ.

"ಹೋಗುವಾಗ ಕಷ್ಟವಾಗಬಾರದಲ್ಲ," ಎಂದರು ಅವರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ನಮ್ಮಲ್ಲಿ ಪ್ರತಿಯೊಬ್ಬರೂ ತಮ್ಮದನ್ನು ತಿರುಗಿಸಿಡುತ್ತಾರೆ. ಅತಿಥಿ ಮರೆತರೆ ಮನೆಯವರು ಮಾಡುತ್ತಾರೆ, ಅದು ಅವರಿಗೆ ಕೊಡುವ ಗೌರವ. ನಿಮ್ಮದನ್ನು ಮೊದಲ ದಿನ ನಾನೇ ತಿರುಗಿಸಲು ಹೋದೆ. ಯೂಜಿನ್ ಸಾನ್ ಬಿಡಲಿಲ್ಲ. ಇವರದು ನನ್ನ ಕೆಲಸ ಎಂದರು." ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಧೂಳು ಒರೆಸುವುದು ಮಾತ್ರ ನಮ್ಮ ಪದ್ಧತಿಯಲ್ಲ."

ನನ್ನಮ್ಮ ಚಪ್ಪಲಿ ಮುಟ್ಟಿದ ಕೈಯನ್ನು ತೊಳೆಯದೆ ಒಳಗೆ ಬಿಡುವವರಲ್ಲ. ನನ್ನ ಚಪ್ಪಲಿಯನ್ನು ಈ ತನಕ ನನ್ನ ಹೊರತು ಯಾರೂ ಮುಟ್ಟಿಲ್ಲ. ಅವನು ನಾಲ್ಕು ದಿನ ಮಂಡಿಯೂರಿ ಮುಟ್ಟಿದ್ದ, ನಾನು ಅವನನ್ನು ಹೊಕ್ಕೈಡೊಕ್ಕೆ ಓಡಿಸಿದ್ದೆ. ಕಣ್ಣಲ್ಲಿ ನೀರು ಬಂತು.

ಐದೂ ಮುಕ್ಕಾಲಿಗೆ ಒಳಗೆ ಕೊನೆಯ ಹಾಡು ಶುರುವಾಯಿತು. ಕಿಟಕಿ ಮುಚ್ಚಿದ ಸದ್ದು ಕೇಳಿತು. ನಾನು ಬಾಗಿಲಿಗೆ ಬಂದು ಅವನ ಶೂ ಹುಡುಕಿದೆ. ಕಂದು ಬಣ್ಣ, ಹಿಮ್ಮಡಿ ಒಂದು ಕಡೆ ಸವೆದಿತ್ತು. ಎರಡನ್ನೂ ಎತ್ತಿ, ತುದಿ ಮನೆಯ ಕಡೆಗೆ ಮಾಡಿ ಇಟ್ಟೆ. ಮೆಟ್ಟಿಲ ಮೇಲೆ ಕೂತೆ.

ಮಕ್ಕಳು ಹೋದರು. ಅವನು ಮೊಬೈಲ್ ಹಿಡಿದುಕೊಂಡು ಬಂದ, ಕಾಲು ಚಾಚಿದ, ನಿಂತ.

"ಇದು ಯಾರು ತಿರುಗಿಸಿದ್ದು?"

"ನಾನು."

"ಉಲ್ಟಾ ಉಂಟಲ್ಲ."

"ಸರಿಯಾಗೇ ಇದೆ. ಹೋಗೋದು ನಿಮಗೆ ಸುಲಭ ಆಗಬಾರದು ಅಂತ ಇಟ್ಟಿದ್ದೀನಿ."

ಅವನು ಕನ್ನಡಕ ತೆಗೆದು ಒರೆಸಿದ. ಅದರಲ್ಲಿ ಧೂಳೇನೂ ಇರಲಿಲ್ಲ. ಬರಿಗಾಲಲ್ಲೇ ನನ್ನ ಪಕ್ಕ ಕೂತ.

"ಪ್ರಾರ್ಥನೆಗೆ ಯಾಕೆ ಕರೀಲಿಲ್ಲ ನನ್ನ?" ಎಂದೆ.

"ಕರೆದ್ರೆ, ನಿಮ್ಮನ್ನು ನಮ್ಮ ಮತಕ್ಕೆ ಸೇರಿಸ್ಲಿಕ್ಕೆ ಬೆನ್ನು ಬಿದ್ದಿದ್ದಾನೆ ಅಂತ ತಿಳ್ಕೊಳ್ತೀರಿ. ಈ ಒಂದು ವಿಷಯದಲ್ಲಿ ನಾನು ಮಿಷನರಿ ಅಲ್ಲ. ನಂಗೆ ನೀವು ಇಷ್ಟ. ಹೇಗಿದ್ದೀರೋ ಹಾಗೆ."

"ನನಗೂ," ಎಂದೆ. ಐದು ದಿನದ ತಳಮಳಕ್ಕೆ ಅಷ್ಟೇ ಮಾತು ಸಿಕ್ಕಿದ್ದು.

"ನಿಮ್ಮಮ್ಮ?"

"ಮಗಳ ಚಪ್ಪಲಿ ಒರೆಸಿದವರು ಅಂತ ಮೊದಲು ಹೇಳ್ತೀನಿ. ಉಳಿದದ್ದು ಆಮೇಲೆ."

ಆರು ಗಂಟೆಗೆ ಸರಿಯಾಗಿ ಫೋನ್ ಹೊಡೆದುಕೊಂಡಿತು. ಅದು ಅವನ ಅಂಗೈಯಲ್ಲಿ ನಡುಗುತ್ತಿತ್ತು, ಅವನು ನನ್ನನ್ನೇ ನೋಡುತ್ತಿದ್ದ. ನಾನು ಹೋಗಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅವನ ಕೆಲಸ ಅವನ ದೇವರದು, ಅದರಲ್ಲಿ ಬಾಯಿ ಹಾಕುವ ಹಕ್ಕು ನನಗಿರಲಿಲ್ಲ.

"ಹಲೋ ಸರ್. ಹೌದು, ಯೂಜಿನ್. ಇಲ್ಲ ಸರ್, ಹೊಕ್ಕೈಡೊ ಆಗ್ಲಿಕ್ಕಿಲ್ಲ. ಇಲ್ಲಿಯ ಕ್ಯಾಂಪ್ ಬಿಡ್ಲಿಕ್ಕೆ ಮನಸ್ಸಿಲ್ಲ. ಒಂದು ಕುಟುಂಬವೂ ಬರ್ಲಿಲ್ಲ ಅಂತ ಗೊತ್ತುಂಟು ಸರ್. ಆದ್ರೂ ಇರ್ತೇನೆ."

ಮಾತಾಡುತ್ತಲೇ ಅವನು ಬಗ್ಗಿದ. ಅಂದೂ ತಾನೇ ಗೇಟಿನತ್ತ ತಿರುಗಿಸಿಟ್ಟಿದ್ದ ನನ್ನ ಚಪ್ಪಲಿಗಳನ್ನು ಎಡಗೈಯಲ್ಲಿ ಎತ್ತಿ, ತನ್ನ ಕುರ್ತಾದ ಅಂಚಿನಿಂದ ಒರೆಸಿ, ತನ್ನ ಶೂಗಳ ಪಕ್ಕದಲ್ಲಿ ಮನೆಯ ಕಡೆಗೆ ತಿರುಗಿಸಿಟ್ಟ.