ಸೂಪರ್ ಹ್ಯಾಪಿ ಮೀಸೆ

ಫೋನ್ ‘ಟಿಂಗ್’ ಎಂದಿದ್ದೇ ತಡ, ಹೋಟೆಲ್ ರೂಮಿನಲ್ಲಿ ಮೂರು ತಲೆಗಳು ಒಂದಕ್ಕೊಂದು ಢಿಕ್ಕಿ ಹೊಡೆದವು.

“ಬಂತು, ಮೀಸೆ ಫೋಟೋ ಬಂತು,” ಅಂದ ಅಪ್ಪ, ಹಣೆ ಉಜ್ಜಿಕೊಳ್ಳುತ್ತ.

ಮೀಸೆ ಅಂದರೆ ಬುಗುರಿಯ ನಾಯಿ. ಬುಗುರಿ ಅಂದರೆ ಒಂದು ಕಡೆ ನಿಲ್ಲದ್ದಕ್ಕೆ ಮನೆಯವರಿಂದ ಆ ಹೆಸರು ಪಡೆದ, ಐದನೇ ಕ್ಲಾಸಿನ ಹುಡುಗಿ. ರಜೆಯಲ್ಲಿ ಮೂವರೂ ಸಮುದ್ರ ನೋಡಲು ಬಂದಿದ್ದರು. ಹೋಟೆಲಿಗೆ ನಾಯಿ ತರುವಂತಿಲ್ಲ. ಅದಕ್ಕೇ ಮನೆಯಲ್ಲಿ ಮೀಸೆಯ ಜೊತೆಗಿರಲು ಒಬ್ಬ ಪೆಟ್ ಸಿಟ್ಟರ್ ಅಕ್ಕನನ್ನು ಗೊತ್ತುಮಾಡಿದ್ದರು. ಸಾಕಿದ ಪ್ರಾಣಿಗಳನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಅವಳನ್ನು ಆರಿಸುವಾಗ ವಿಚಾರಿಸಿದಷ್ಟು, ಬುಗುರಿಯನ್ನು ಶಾಲೆಗೆ ಸೇರಿಸುವಾಗಲೂ ಅಪ್ಪ ವಿಚಾರಿಸಿರಲಿಲ್ಲ.

ಫೋಟೋದಲ್ಲಿ ಮೀಸೆ ನಾಲಿಗೆ ಚಾಚಿ ನಗುತ್ತಿದ್ದ. ಕೆಳಗೆ ಅಕ್ಕ ಬರೆದಿದ್ದಳು: ‘ಮೂಡ್: ಸೂಪರ್ ಹ್ಯಾಪಿ.’

“ಅಯ್ಯೋ, ಅವನ ಹಿಂದೆ ನೋಡ್ರೀ,” ಅಮ್ಮ ತಲೆ ಚಚ್ಚಿಕೊಂಡಳು. “ಮಡಚದೇ ಬಿಟ್ಟ ಬಟ್ಟೆ ರಾಶಿ. ಆ ಹುಡುಗಿ ನನ್ನ ಬಗ್ಗೆ ಏನಂದ್ಕೊಂಡಿರ್ತಾಳೆ?”

“ಬಟ್ಟೆ ಇರ್ಲಿ,” ಅಂದ ಅಪ್ಪ. “ಹಾಡುಹಗಲಲ್ಲಿ ಲೈಟು, ಫ್ಯಾನು ಎರಡೂ ಹಾಕಿದೆ. ಕರೆಂಟ್ ಬಿಲ್ ಮೀಸೆ ಕಟ್ತಾನಾ?”

ಬುಗುರಿ ನೋಡಿದ್ದು ಮೀಸೆಯ ನಾಲಿಗೆಯನ್ನು ಮಾತ್ರ. ಹೊರಡುವಾಗ ಅವನ ಕುತ್ತಿಗೆ ತಬ್ಬಿಕೊಂಡು ತಾನು ಅತ್ತಿದ್ದೇ ಅತ್ತಿದ್ದು. ಇವನು ನೋಡಿದರೆ ಸೂಪರ್ ಹ್ಯಾಪಿ.

“ಅವನಿಗೆ ನನ್ನ ನೆನಪೇ ಇಲ್ಲ,” ಅಂದಳು.

“ಒಳ್ಳೇದಾಯ್ತು ಬಿಡು. ನೆನಪಾಗಿ ಊಟ ಬಿಟ್ಟಿದ್ರೆ ನಾವು ವಾಪಸ್ ಓಡ್ಬೇಕಿತ್ತು,” ಅಂದ ಅಪ್ಪ.

ಅಮ್ಮ ಆಗಲೇ ಅಕ್ಕನಿಗೆ ಫೋನ್ ಹಚ್ಚಿದ್ದಳು. “ಮುಂದಿನ ಫೋಟೋ ಗೋಡೆ ಹತ್ರ ತೆಗಿಯಮ್ಮ. ನಮ್ಮ ಮೀಸೆಗೆ ಗೋಡೆ ಅಂದ್ರೆ ತುಂಬಾ ಇಷ್ಟ.”

ಸಂಜೆಯ ಫೋಟೋದಲ್ಲಿ ಗೋಡೆ, ಅದರ ಮುಂದೆ ಮೀಸೆ, ಅದೇ ನಾಲಿಗೆ. ಅದೇ ಸೂಪರ್ ಹ್ಯಾಪಿ.

“ಈ ಗೋಡೆಗೆ ಯಾವಾಗ ಬಿರುಕು ಬಂತು?” ಅಪ್ಪ ಫೋಟೋ ದೊಡ್ಡದು ಮಾಡತೊಡಗಿದ. ಕಿಟಕಿಯಾಚೆ ಸಮುದ್ರ ತನ್ನಷ್ಟಕ್ಕೆ ತಾನು ಅಬ್ಬರಿಸುತ್ತಿತ್ತು. ಅದನ್ನು ಕೇಳುವವರಿರಲಿಲ್ಲ.

ಅಪ್ಪನ ಕೈಯಿಂದ ಫೋನ್ ಬಿಡಿಸಿಕೊಂಡು ಬುಗುರಿ ಬಾಲ್ಕನಿಗೆ ಹೋದಳು.

“ಅಕ್ಕಾ, ನಾನು ಬುಗುರಿ. ಮೀಸೆ ದಿನವಿಡೀ ಹೀಗೇ ನಗ್ತಿರ್ತಾನಾ?”

ಆ ಕಡೆ ಅಕ್ಕ ದನಿ ತಗ್ಗಿಸಿದಳು. “ಫೋಟೋ ತೆಗೆಯುವಾಗ ಬಾಲ್ ತೋರಿಸ್ತೀನಿ ಪುಟ್ಟಾ. ನಗು ಕಾಣಿಸ್ಲಿಲ್ಲ ಅಂದ್ರೆ ದೊಡ್ಡವರು ಗಾಬರಿ ಬೀಳ್ತಾರೆ.”

“ಬಾಲ್ ತೋರಿಸ್ದೇ ಒಂದು ತೆಗೀತೀರಾ? ನನಗೋಸ್ಕರ.”

ಫೋಟೋ ಬಂತು. ಮೀಸೆಯ ಮುಖವೇ ಇರಲಿಲ್ಲ, ಬರೀ ಬೆನ್ನು. ಮುಂಬಾಗಿಲ ಕೆಳಗಿನ ಸಂದಿಗೆ ಮೂಗು ಒತ್ತಿಕೊಂಡು ಮಲಗಿದ್ದ. ಕಿವಿ ಎರಡೂ ನೆಟ್ಟಗಿದ್ದವು. ಈ ಸಲ ಮೂಡ್ ಏನೆಂದು ಅಕ್ಕ ಬರೆದಿರಲಿಲ್ಲ.

ಬುಗುರಿಗೆ ಬೇಕಾಗಿದ್ದು ಇದೇ. ಅವನು ಕಾಯುತ್ತಿದ್ದ, ಅವಳಿಗಾಗಿ. ಆದರೂ ಖುಷಿಯಾಗಲಿಲ್ಲ.

ಹಿಂದಿನಿಂದ ಅಮ್ಮ ಇಣುಕಿದಳು. “ಇದೆಂಥಾ ಫೋಟೋನೇ? ಅಯ್ಯಯ್ಯೋ, ಚಪ್ಪಲಿಗಳನ್ನ ನೋಡು, ಒಂದು ಆ ಕಡೆ, ಒಂದು ಈ ಕಡೆ.”

ಬುಗುರಿ ಬಾಲ್ಕನಿಯ ತುದಿಗೆ ಸರಿದು ಮತ್ತೆ ಫೋನ್ ಮಾಡಿದಳು. “ಅಕ್ಕಾ, ಅವನಿಗೆ ಬಾಲ್ ಎಸೀರಿ.”

“ಫೋಟೋ ಕಳಿಸ್ಲಾ?”

“ಬೇಡ. ಸುಮ್ಮನೆ ಆಡಿಸಿ.”

ಅಕ್ಕ ಫೋನ್ ಎಲ್ಲೋ ಇಟ್ಟ ಸದ್ದಾಯಿತು. ಬಾಲ್ ನೆಲಕ್ಕೆ ಬಿದ್ದು ಪುಟಿಯಿತು. ಟೈಲ್ಸಿನ ಮೇಲೆ ಉಗುರುಗಳು ಪರಪರ ಜಾರಿದವು. ಆಮೇಲೆ ಒಂದು ಬೊಗಳು, ಅವಳಿಗೆ ಚೆನ್ನಾಗಿ ಗೊತ್ತಿದ್ದ ಬೊಗಳು.

ತನ್ನ ದನಿ ಕೇಳಿಸಿದರೆ ಅವನು ಆಟ ಬಿಟ್ಟು ಮತ್ತೆ ಬಾಗಿಲಿಗೆ ಓಡುತ್ತಾನೆಂದು ಬುಗುರಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕೇಳುತ್ತಾ ನಿಂತಳು.