ಬಿಳಿ ಅಂಗಿಯ ಬಣ್ಣದವನು

ಹೋಳಿಯ ದಿನ ಬೆಳಿಗ್ಗೆ ಎಂಟಕ್ಕೆ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನನ್ನ ಕ್ಯಾಮೆರಾದ ಮುಂದೆ ಬಂದು ನಿಂತ. ನಮಸ್ಕಾರ ಇಲ್ಲ, ನಗು ಇಲ್ಲ.

"ನಿಮ್ಮ ಕ್ಯಾಮೆರಾಗೆ ಬಿಳಿ ಬೇಕಂತೆ. ತಗೊಳ್ಳಿ."

"ನಾನು ಕೇಳಿದ್ದು ಒಂದು ಬಿಳಿ ಬಟ್ಟೆ. ಅದರೊಳಗೆ ಮನುಷ್ಯ ಬೇಕು ಅಂದಿರಲಿಲ್ಲ."

"ಬಟ್ಟೆ ಕೊಟ್ರೆ ಎಲ್ಲೋ ಬಿಸಾಕ್ತೀರಿ. ಹೋದ ವರ್ಷ ನೋಡಿದೀನಲ್ಲ ನಿಮ್ಮ ಕೆಲಸ. ಅದಕ್ಕೇ ನಾನೇ ನಿಲ್ತೀನಿ."

ಅವನು ಬಣ್ಣದ ಪುಡಿ ಮಾಡುವವನು. ಹೂವು, ಎಲೆ, ಬೇರು ಒಣಗಿಸಿ, ಬೀಸಿ ಮಾರುತ್ತಾನೆ. ನಾನು ಮದುವೆ ವಿಡಿಯೊ ತೆಗೆಯುವವಳು. ನಮ್ಮ ಕಾಲೊನಿಯ ಹೋಳಿಗೆ ಪುಡಿ ಅವನದು, ಕ್ಯಾಮೆರಾ ನನ್ನದು. ಮೈದಾನದಲ್ಲಿ ಮುನ್ನೂರು ಜನ ಆಡಿದರೆ, ಬರಲಾಗದ ಇನ್ನೂರು ಮನೆಯವರು ವಿಡಿಯೊ ಕಾಲ್‌ನಲ್ಲಿ ಸೇರುತ್ತಾರೆ. ನನ್ನ ಫೋನಿನಲ್ಲಿ ಅವನ ನಂಬರು 'ಪುಡಿರಾಯ' ಎಂದು ಸೇವ್ ಆಗಿದೆ. ಅವನ ಫೋನಿನಲ್ಲಿ ನನ್ನದು ಏನೆಂದು ಇದೆಯೋ, ಕೇಳುವ ಧೈರ್ಯ ನನಗಿಲ್ಲ.

ಹೋದ ವರ್ಷ ಕಾಲ್‌ನಲ್ಲಿ ಎಲ್ಲರ ಮುಖದ ಬಣ್ಣವೂ ಬೂದಿ ಬೂದಿಯಾಗಿ ಕಂಡಿತು. ನೋಡುವವರು ನಕ್ಕರು, ಒಲೆಬೂದಿ ಎರಚುತ್ತಿದ್ದೀರಾ ಎಂದು ಕೇಳಿದರು. ಅವನು ಮೈದಾನದ ಮಧ್ಯೆ ನಿಂತು, ಮೊದಲು ಕ್ಯಾಮೆರಾಗೆ ಕನ್ನಡಕ ಹಾಕಿಸಿ ಎಂದು ನನಗೆ ಹೇಳಿದ. ನಾನು ಬಿಡುತ್ತೇನೆಯೇ? ಪುಡಿಯಲ್ಲಿ ಬಣ್ಣ ಇದ್ದರೆ ತಾನೇ ಕ್ಯಾಮೆರಾಗೆ ಕಾಣೋದು ಎಂದು ಕಾಲೊನಿಯ ಗ್ರೂಪಿನಲ್ಲಿ ಬರೆದೆ. ಅಂದಿನಿಂದ ಗ್ರೂಪಿನಲ್ಲಿ ನೀರಿನ ಟ್ಯಾಂಕಿನ ಮಾತು ಬಂದರೂ ನಾವಿಬ್ಬರೂ ಈ ಜಗಳಕ್ಕೇ ಬಂದು ನಿಲ್ಲುತ್ತೇವೆ.

ನಿಜ ಹೇಳಿಬಿಡುತ್ತೇನೆ. ತಪ್ಪು ನನ್ನದೇ. ಹಿಂದಿನ ದಿನ ಒಂದು ಮದುವೆ ಇತ್ತು. ಮದುಮಗಳ ಮುಖ ಬೆಳ್ಳಗೆ ಮಾಡುವ ಫಿಲ್ಟರನ್ನು ಆಫ್ ಮಾಡಲು ಮರೆತಿದ್ದೆ. ಅದು ಹೋಳಿಯ ಮುನ್ನೂರು ಮುಖಗಳನ್ನೂ ಮದುಮಗಳೆಂದೇ ತಿಳಿದು ತೊಳೆಯುತ್ತಾ ಕೂತಿತ್ತು. ಸಂಜೆ ಗೊತ್ತಾಯಿತು. ಆದರೆ ಆ ಹೊತ್ತಿಗೆ ಗ್ರೂಪಿನಲ್ಲಿ ಬರೆದಾಗಿತ್ತು. ಒಪ್ಪಿಕೊಂಡರೆ ಮುಂದೆ ಯಾವ ಮದುವೆಮನೆಯವರು ನನ್ನನ್ನು ಕರೆದಾರು? ಬಾಯಿ ಹೊಲಿದುಕೊಂಡೆ. ಅವನನ್ನು ಕಂಡಾಗಲೆಲ್ಲ ಮೈಯೆಲ್ಲ ಉರಿಯುವುದಕ್ಕೆ ಅರ್ಧ ಕಾರಣ ಅದು. ಇನ್ನರ್ಧ ಏನೆಂದು ನಾನು ಯೋಚಿಸಲು ಹೋಗಿರಲಿಲ್ಲ.

ಬಿಸಿಲು ಬದಲಾದಂತೆಲ್ಲ ಕ್ಯಾಮೆರಾಗೆ ಬಿಳಿ ತೋರಿಸಬೇಕು. ಆಗಲೇ ಉಳಿದ ಬಣ್ಣಗಳು ಇದ್ದ ಹಾಗೆ ಕಾಣುವುದು. ಅರ್ಧ ಗಂಟೆಗೊಮ್ಮೆ ಅವನು ಬಂದು ನಿಲ್ಲುತ್ತಿದ್ದ. ಯಾರಾದರೂ ಬಣ್ಣ ಹಿಡಿದು ಹತ್ತಿರ ಬಂದರೆ ಛತ್ರಿ ಬಿಚ್ಚಿ ಅಡ್ಡ ಹಿಡಿಯುತ್ತಿದ್ದ. ಇಡೀ ಮೈದಾನದಲ್ಲಿ ಬಣ್ಣ ಹತ್ತದವನು ಬಣ್ಣ ಮಾಡಿದವನೊಬ್ಬನೇ.

"ಸ್ವಲ್ಪ ಈ ಕಡೆ. ಮುಖ ಎತ್ತಿ."

"ಬೇಕಾಗಿರೋದು ಅಂಗಿ ತಾನೇ? ಮುಖ ಯಾಕೆ?"

ಲೆನ್ಸು ಅಂಗಿ ದಾಟಿ ಮೇಲೆ ಹೋಗಿತ್ತು. ಅವನ ಎಡಹುಬ್ಬಿನ ಪಕ್ಕದಲ್ಲಿ ಒಂದು ಸಣ್ಣ ಮಚ್ಚೆ ಇದೆ. ಅದನ್ನು ಅಷ್ಟು ಹೊತ್ತು ನೋಡಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

"ಮೂಗಿನ ನೆರಳು ಅಂಗಿ ಮೇಲೆ ಬೀಳ್ತಿದೆ," ಎಂದೆ.

"ನಿಮ್ಮ ನಾಲಿಗೆಯಷ್ಟು ಉದ್ದ ಇಲ್ಲ ನನ್ನ ಮೂಗು."

ಹನ್ನೊಂದೂವರೆಗೆ ಮತ್ತೆ ಬಂದ. ಈ ಸಲ ಕ್ಯಾಮೆರಾ ನೋಡಲಿಲ್ಲ, ನನ್ನನ್ನು ನೋಡಿದ.

"ಹೋದ ವರ್ಷ ತಪ್ಪು ನನ್ನ ಪುಡಿದೇನಾ? ನನ್ನ ಮುಖ ನೋಡಿ ಹೇಳಿ. ಒಪ್ಕೊಂಡುಬಿಡ್ತೀನಿ."

ಹೌದು ಎನ್ನಲಾಗಲಿಲ್ಲ. ಇಲ್ಲ ಎನ್ನಲೂ ಆಗಲಿಲ್ಲ. ಪಕ್ಕದ ತಟ್ಟೆಯಿಂದ ಒಂದು ಹಿಡಿ ಹಸಿರು ತೆಗೆದು ಅವನ ಎದೆಗೆ ಎಸೆದುಬಿಟ್ಟೆ.

ಅವನು ಅಂಗಿ ನೋಡಿಕೊಂಡ. ಬಯ್ಯಲಿಲ್ಲ. ಅದಕ್ಕೇ ನನಗೆ ಭಯವಾಯಿತು.

"ಹನ್ನೆರಡಕ್ಕೆ ನಮ್ಮಮ್ಮ ಕಾಲ್‌ಗೆ ಬರ್ತಾರೆ," ಎಂದ. "ಅವರಿಗೆ ಬಣ್ಣ ಸರಿಯಾಗಿ ಕಾಣ್ಲಿ ಅಂತಾನೇ ಬೆಳಿಗ್ಗೆಯಿಂದ ನಿಮ್ಮ ಮುಂದೆ ಕಂಬದ ಹಾಗೆ ನಿಂತಿದ್ದೆ."

ಪುಡಿ ಮಾಡುವುದನ್ನು ಅವನಿಗೆ ಕಲಿಸಿದ್ದೇ ಅಮ್ಮನಂತೆ. ಈಗ ದೂರದಲ್ಲಿ, ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ. ಹೋದ ವರ್ಷ ಫೋನಿನಲ್ಲಿ ಆ ಬೂದಿ ಬಣ್ಣ ಕಂಡು, ಮಗ ಕಲಬೆರಕೆ ಶುರು ಮಾಡಿದ್ದಾನೆಂದು ತಿಳಿದರು. ತನ್ನ ಪುಡಿ ಚೆನ್ನಾಗಿತ್ತು ಎಂದು ಅವನು ಎಷ್ಟು ಹೇಳಿದರೂ ನಂಬಲಿಲ್ಲ.

"ಕ್ಯಾಮೆರಾದವಳೇ ಬರೆದಿದ್ದಾಳಲ್ಲ ಅಂದ್ರು. ಅವತ್ತಿಂದ ನನ್ನ ಜೊತೆ ಮಾತಿಲ್ಲ."

ನಾನು ನಿಂತಲ್ಲೇ ಕುಗ್ಗಿಹೋದೆ. ಗ್ರೂಪಿನಲ್ಲಿ ಬರೆದ ಒಂದು ಸಾಲು ಒಬ್ಬ ತಾಯಿಯ ಬಾಯಿ ಕಟ್ಟಿಹಾಕಿತ್ತು.

"ಅಂಗಿ ಬಿಚ್ಚಿ," ಎಂದೆ. "ಒಳಗೆ ಬನಿಯನ್ ಬಿಳಿ ಇರತ್ತಲ್ಲ."

"ಕಪ್ಪು."

"ಕಪ್ಪು ಯಾಕೆ ಹಾಕ್ತೀರಿ?"

"ದಿನಾ ಬಣ್ಣದಲ್ಲಿ ಕೆಲಸ ಮಾಡೋನು ಬಿಳಿ ಹಾಕ್ತಾನಾ?"

ಛತ್ರಿ ಇಳಿದದ್ದು ಕಂಡು ಹುಡುಗರು ಅವನ ಬೆನ್ನಿಗೂ ತೋಳಿಗೂ ಅದೇ ಹಸಿರು ಬಳಿದಾಗಿತ್ತು. ಮೈದಾನದಲ್ಲಿ ಬಿಳಿ ಎನ್ನುವುದು ಎಲ್ಲೂ ಉಳಿದಿರಲಿಲ್ಲ. ಅದರ ಮೇಲೆ ಮೋಡ ಬೇರೆ ಕವಿದು ಬೆಳಕು ಬದಲಾಯಿತು. ಕುರ್ಚಿ ಎಳೆದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವನು ಅಂಗೈಯಲ್ಲಿ ಹಸಿರು ಹಿಡಿದು ಸ್ಕ್ರೀನಿನ ಪಕ್ಕಕ್ಕೆ ಇಟ್ಟ. ಕೈಯ ಹಸಿರೂ ಸ್ಕ್ರೀನಿನ ಹಸಿರೂ ಒಂದೇ ಆಗುವವರೆಗೆ ನಾನು ಕ್ಯಾಮೆರಾದ ಗುಂಡಿ ತಿರುಗಿಸಬೇಕು.

"ಹಳದಿ ಜಾಸ್ತಿ ಆಯ್ತು. ಹಿಂದಕ್ಕೆ ತಿರುಗಿಸಿ. ಇನ್ನೂ ಹಿಂದಕ್ಕೆ."

"ಕಿರುಚಬೇಡಿ. ಪಕ್ಕದಲ್ಲೇ ಇದೀನಿ."

"ಗೊತ್ತು," ಎಂದ. ದನಿ ತಗ್ಗಿತು. ಅವನ ಮೊಣಕೈ ನನ್ನ ಮೊಣಕೈಗೆ ತಾಗಿತ್ತು. ಇಬ್ಬರೂ ಸರಿಯಲಿಲ್ಲ.

ಹನ್ನೆರಡಕ್ಕೆ ಸ್ಕ್ರೀನಿನ ಮೇಲೆ ದಿಂಬಿಗೆ ಒರಗಿದ ಒಬ್ಬ ಹಿರಿಯಾಕೆ ಕಂಡರು. ಮೈದಾನವನ್ನು ತುಂಬ ಹೊತ್ತು ನೋಡಿದರು. ನನ್ನ ಪಕ್ಕದಲ್ಲಿ ಅವನು ಅಂಗೈಯ ಹಸಿರನ್ನು ಇನ್ನೂ ಹಿಡಿದೇ ಇದ್ದ.

"ಹಸಿರು ಚೆನ್ನಾಗಿ ಬಂದಿದೆ," ಎಂದು ಅವರು ಮಗಳಿಗೆ ಹೇಳಿದರು, ಅವನಿಗಲ್ಲ. "ಈ ವರ್ಷ ಬುದ್ಧಿ ಬಂದಿರಬೇಕು. ಹೋದ ವರ್ಷ ಮಾಡಿದ್ದನ್ನ ಮಾತ್ರ ನಾನು ಮರೆಯಲ್ಲ."

ಅವನು ತಲೆ ತಗ್ಗಿಸಿದ. ನನ್ನಿಂದ ನೋಡಲಾಗಲಿಲ್ಲ. ಕ್ಯಾಮೆರಾವನ್ನು ನನ್ನ ಕಡೆಗೆ ತಿರುಗಿಸಿ ಮೈಕ್ ಆನ್ ಮಾಡಿದೆ.

"ಅಮ್ಮಾ, ಆ ಮಾತು ಬರೆದ ಕ್ಯಾಮೆರಾದವಳು ನಾನೇ. ನಿಮ್ಮ ಮಗನ ಪುಡಿ ಹೋದ ವರ್ಷಾನೂ ಸರಿಯಾಗೇ ಇತ್ತು. ಮದುಮಗಳನ್ನ ಬೆಳ್ಳಗೆ ತೋರಿಸೋ ಫಿಲ್ಟರ್ ಆಫ್ ಮಾಡೋದು ನಾನು ಮರೆತಿದ್ದೆ. ಅದರಿಂದಾನೇ ಬಣ್ಣ ಬೂದಿಯಾಗಿದ್ದು. ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದೆ. ನನ್ನನ್ನ ಕ್ಷಮಿಸಿ."

ಇನ್ನೂರು ಮನೆಯವರೂ ಕೇಳಿಸಿಕೊಂಡರು. ಮುಂದಿನ ತಿಂಗಳು ನಾನು ವಿಡಿಯೊ ತೆಗೆಯಬೇಕಿದ್ದ ಮದುಮಗಳ ತಾಯಿಯೂ ಅವರಲ್ಲಿ ಇದ್ದರು.

ಹಿರಿಯಾಕೆ ದಿಂಬಿನಿಂದ ತಲೆ ಎತ್ತಿದರು.

"ಅವನೆಲ್ಲಿ?"

ಕ್ಯಾಮೆರಾ ಅವನ ಕಡೆಗೆ ತಿರುಗಿಸಿದೆ.

"ತಿಂಡಿ ತಿಂದ್ಯಾ ಮಗಾ?" ಎಂದರು. "ಎಷ್ಟು ಸೊರಗಿದೀಯ."

"ಇನ್ನೂ ಇಲ್ಲಮ್ಮ," ಎಂದ.

ಕಾಲ್ ಮುಗಿದ ಮೇಲೆ ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಮುಖವೆಲ್ಲ ಹಸಿರಾಯಿತು. ನಾನು ವೈರು ಸುತ್ತತೊಡಗಿದೆ.

"ಗೊತ್ತಿದ್ದೂ ಒಂದು ವರ್ಷ ಸುಮ್ನಿದ್ರಿ."

"ಹೂಂ."

"ನಿಮ್ಮ ಮುಖ ನೋಡೋಕೂ ಇಷ್ಟ ಇಲ್ಲ ನನಗೆ."

"ಸರಿ," ಎಂದೆ. ಇನ್ನರ್ಧ ಕಾರಣ ಏನೆಂದು ಆಗ ತಿಳಿಯಿತು, ತೀರಾ ತಡವಾಗಿ. ಬ್ಯಾಗು ಹೆಗಲಿಗೇರಿಸಿ ಹೊರಟೆ.

"ಎಲ್ಲಿಗೆ ಹೊರಟ್ರಿ? ಅಮ್ಮನ್ನ ಕ್ಷಮೆ ಕೇಳಿದ್ರಿ. ನನ್ನ ಕೇಳಿಲ್ಲ."

"ಕ್ಷಮಿಸಿ."

"ಅಷ್ಟಕ್ಕೆಲ್ಲ ಆಗಲ್ಲ. ಒಂದು ವರ್ಷದ ಸಿಟ್ಟು ಇದು. ದಿನಾ ಅಂಗಡಿಗೆ ಬಂದು ಒಂದೊಂದು ಸಲ ಕೇಳಿ."

ತಿರುಗಿ ನೋಡಿದೆ. ನಗುತ್ತಿರಲಿಲ್ಲ. ಕಣ್ಣು ಮಾತ್ರ ನನ್ನನ್ನು ಬಿಟ್ಟು ಕದಲುತ್ತಿರಲಿಲ್ಲ.

"ದಿನಾನಾ?"

"ದಿನಾ. ವರ್ಷ ಪೂರ್ತಿ."

"ಭಾನುವಾರ ಅಂಗಡಿ ಬಾಗಿಲು ಹಾಕಿರತ್ತಲ್ಲ?"

"ಭಾನುವಾರ ನಿಮ್ಮ ಮನೆಗೆ ನಾನೇ ಬರ್ತೀನಿ," ಎಂದ, ಇನ್ನೂ ಸಿಟ್ಟಿನಲ್ಲೇ.